ಅವ್ವನ ದಿನ ಬರೆಯಲು ಹೋಗಿ...

ಹೊಸ ಆಫೀಸಿಗೆ ಸೇರಿದ ಮೊದಲ ವಾರ. ಊಟದ ಹೊತ್ತಲ್ಲಿ ಪಕ್ಕದ ಸೀಟಿನ ಹುಡುಗ, 'ನೀವು ಏನ್ ಓದಿದ್ದು?' ಅಂತ ಕೇಳಿದ. 'ಮಹಿಳಾ ಅಧ್ಯಯನದಲ್ಲಿ ಎಂ.ಎ.' ಅಂದೆ. 'ಅದರಲ್ಲಿ ಏನ್ ಹೇಳಿಕೊಡ್ತಾರೆ? ಗಂಡಸರನ್ನ ಬೈಯೋದಾ?' ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ಬಸ್ಸಿನಲ್ಲಿ ಉತ್ತರ ಹೊಳೀತು: ಈ ಓದಿನಿಂದ ಮೊದಲು ಬೈಸಿಕೊಂಡವಳು ನಾನೇ. ಅದೂ ನಮ್ಮವ್ವನ ಕೈಲಿ.

ನಾನು ಓದಿದ್ದು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ. 2003ರಲ್ಲಿ ಶುರುವಾದ ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಸೇರುವಾಗ ಈ ವಿಷಯದ ಬಗ್ಗೆ ನನಗೂ ಹೆಚ್ಚೇನೂ ಗೊತ್ತಿರಲಿಲ್ಲ. ಮೊದಲು ಪಾಠ ಮಾಡಿದ್ದು 1974ರ ಒಂದು ವರದಿಯನ್ನ. ಸರ್ಕಾರವೇ ನೇಮಿಸಿದ ಸಮಿತಿ ಕೊಟ್ಟ ಆ ವರದಿಯ ಹೆಸರು 'ಸಮಾನತೆಯೆಡೆಗೆ'. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದರೂ ಗಂಡಸರಿಗೆ ಹೋಲಿಸಿದರೆ ಹೆಂಗಸರ ಪ್ರಮಾಣ ಇಳೀತಿದೆ, ದುಡಿಮೆಯ ಲೆಕ್ಕದಲ್ಲೂ ಅವರು ಹಿಂದೆ ಬೀಳ್ತಿದ್ದಾರೆ ಅಂತ ಅದು ಅಂಕಿಅಂಶ ಸಮೇತ ತೋರಿಸಿತ್ತು. ನಮ್ಮ ದೇಶದಲ್ಲಿ ಮಹಿಳಾ ಅಧ್ಯಯನ ಬೆಳೆಯೋಕೆ ಆ ವರದಿಯೂ ಒಂದು ದೊಡ್ಡ ಕಾರಣ.

ಆಮೇಲೆ ಬಂತು ಜನಗಣತಿಯ ಪಾಠ. ದಿನವಿಡೀ ಮನೆಗೆಲಸವನ್ನಷ್ಟೇ ಮಾಡುವ ಹೆಂಗಸು ಅದರಲ್ಲಿ 'ಕೆಲಸ ಮಾಡದವರ' ಪಟ್ಟಿಗೆ ಹೋಗ್ತಾಳೆ. ನಾವೆಲ್ಲ ಸಿಟ್ಟಾದ್ವಿ. ಮೇಡಂ ಮಾತ್ರ ತಣ್ಣಗೆ ಹೇಳಿದರು, 'ಈ ಸಲ ಊರಿಗೆ ಹೋದಾಗ ಮನೆಯವರ ಒಂದು ದಿನವನ್ನ ಗಂಟೆ ಗಂಟೆಗೂ ಬರ್ಕೊಂಡು ಬನ್ನಿ. ಎಲ್ಲರದೂ.'

ನೋಟ್‌ಬುಕ್ ಹಿಡಿದು ಕೂತೆ. 'ನಂದೇನ್ ಬರೀತಿ? ಮನ್ಯಾಗ ಇರಾಕಿ ನಾ' ಅಂದಳು ಅವ್ವ. ನಾಲ್ಕೂ ಮುಕ್ಕಾಲಿಗೆ ಎದ್ದು ಕಸ ಹೊಡೆದಳು, ನೀರು ತುಂಬಿದಳು, ಎಮ್ಮೆ ಹಾಲು ಹಿಂಡಿದಳು, ರೊಟ್ಟಿ ಬಡಿದಳು. ರೊಟ್ಟಿ ಬಡಿಯುತ್ತಲೇ ತಮ್ಮನ ಮಗ್ಗಿ ಒಪ್ಪಿಸಿಕೊಂಡಳು. ಅದನ್ನ ಯಾವ ಕಾಲಮ್ಮಿಗೆ ಹಾಕಬೇಕೋ ತಿಳೀಲಿಲ್ಲ. ರಾತ್ರಿ ಹತ್ತಕ್ಕೆ ಲೆಕ್ಕ ಹಾಕಿದರೆ ಅವ್ವನ ಕೆಲಸ ಹದಿಮೂರು ಗಂಟೆ ದಾಟಿತ್ತು. ಅಪ್ಪನ ಪುಟದಲ್ಲಿ ಹೊಲ, ಪೇಟೆ, ಕಟ್ಟೆ. ಮನೆಗೆಲಸ ಅಂತ ಬರೆಯೋಕೆ ಒಂದು ಸಾಲೂ ಇರಲಿಲ್ಲ.

ಹೆಮ್ಮೆಯಿಂದ ಅವ್ವನಿಗೆ ತೋರಿಸಿದೆ. ನಿಧಾನಕ್ಕೆ ಓದಿ, ಪುಟ ಆ ಕಡೆ ಈ ಕಡೆ ತಿರುವಿ ಕೇಳಿದಳು, 'ಎಲ್ಲಾರದೂ ಬರದಿ. ನಿಂದ್ಯಾಕ ಬರದಿಲ್ಲ? ಮುಂಜಾನಿಂದ ನಾ ಮಾಡೂದು ನೋಡ್ಕೋತ ಕುಂತಿ, ಒಂದ ಭಾಂಡೆ ತಿಕ್ಕಿಯೇನು?'

ನನ್ನ ಹತ್ರ ಉತ್ತರ ಇರಲಿಲ್ಲ. ಆ ರಾತ್ರಿ ನನ್ನದೂ ಒಂದು ಪುಟ ಬರೆದೆ: ಓದು, ಫೋನು, ಊಟ, ನಿದ್ದೆ. ಚಹಾ ಕೂಡ ಅವಳೇ ತಂದುಕೊಟ್ಟಿದ್ದಳು.

ತರಗತಿಯಲ್ಲಿ ಆ ಪುಟವನ್ನೂ ಓದಿದೆ. ಮೇಡಂ ಬೈಯಲಿಲ್ಲ. ಸಂಶೋಧನೆ ಮಾಡುವವಳು ಹೊರಗೆ ನಿಂತು ನೋಡ್ತಾ ಇರೋದಿಲ್ಲ, ತಾನೂ ಆ ಲೆಕ್ಕದ ಒಳಗೇ ಇರ್ತಾಳೆ, ಈ ಶಾಸ್ತ್ರದ ಮುಖ್ಯ ಪಾಠಗಳಲ್ಲಿ ಅದೂ ಒಂದು ಅಂದರು. ಆಮೇಲೆ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ತೋರಿಸಿದರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಗಂಡಸರು 97 ನಿಮಿಷ. ಆ 97 ಕೂಡ ಮನೆಗೆಲಸಕ್ಕೆ ಕೈಹಚ್ಚುವ ಗಂಡಸರದ್ದು ಮಾತ್ರ. ಅಂಥವರು ನಾಲ್ವರಲ್ಲಿ ಹೆಚ್ಚುಕಮ್ಮಿ ಒಬ್ಬರು.

ನಮ್ಮ ಮನೆ ಪೂರ್ತಿ ಬದಲಾಯ್ತು ಅಂತ ಸುಳ್ಳು ಹೇಳಲಾರೆ. ಅವ್ವ ಈಗಲೂ ನಾಲ್ಕೂ ಮುಕ್ಕಾಲಿಗೇ ಏಳ್ತಾಳೆ. ಆದರೆ ಬೆಳಗಿನ ಚಹಾ ಅಪ್ಪನದು. ಊರಿಗೆ ಹೋದರೆ ರಾತ್ರಿ ಭಾಂಡೆ ನನ್ನದು, ತಮ್ಮನದು.

ಮರುದಿನ ಊಟಕ್ಕೆ ಕೂತಾಗ ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. 'ನಿಮ್ಮಮ್ಮ ಎಷ್ಟು ಗಂಟೆಗೆ ಏಳ್ತಾರೆ?' ಅಂತ ಕೇಳಿದೆ. ಡಬ್ಬಿ ಮುಚ್ಚಳ ತೆಗೀತಿದ್ದವನು ಒಂದು ಗಳಿಗೆ ಸುಮ್ಮನಾದ. 'ಗೊತ್ತಿಲ್ಲ' ಅಂದ.

ಈ ಭಾನುವಾರ ನೀವೂ ಒಮ್ಮೆ ಬರೆದು ನೋಡಿ. ನಿಮ್ಮ ಪುಟದಿಂದಲೇ ಶುರು ಮಾಡಿ.