ಒಂದೇ ಅಪರಾಧ, ಮೂರು ವಿಧಿ

ಘೋರ ಕೊಲೆಯೊಂದರ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂದ ಬೆಳಿಗ್ಗೆ ಕ್ಷೌರದಂಗಡಿಯಿಂದ ಹಿಡಿದು ಬಸ್ ನಿಲ್ದಾಣದ ಹೋಟೆಲಿನವರೆಗೆ ಎಲ್ಲೆಡೆ ಒಂದೇ ತೀರ್ಪು: ‘ಇಂಥವರನ್ನು ನಡುರಸ್ತೆಯಲ್ಲಿ ನೇಣಿಗೆ ಹಾಕಬೇಕು.’ ಹೀಗೆನ್ನುವವರು ಕ್ರೂರಿಗಳೇನಲ್ಲ. ಮನೆಯಲ್ಲಿ ಇರುವೆ ಗೂಡಿಗೆ ಸಕ್ಕರೆ ಹಾಕುವವರೂ ಅವರಲ್ಲಿ ಇದ್ದಾರು. ಈ ಮಾತನ್ನು ನ್ಯಾಯಾಲಯಗಳೂ ಆಡದೇ ಇಲ್ಲ. 1985ರಲ್ಲಿ ರಾಜಸ್ಥಾನ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅಪರಾಧಿಯನ್ನು ಬಹಿರಂಗವಾಗಿ ಗಲ್ಲಿಗೇರಿಸಲು ಆದೇಶಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ತಡೆಯಬೇಕಾಯಿತು. ಇತ್ತ ‘ಕೊಲ್ಲುವ ಹಕ್ಕನ್ನು ಸರ್ಕಾರಕ್ಕೆ ಕೊಟ್ಟವರು ಯಾರು?’ ಎಂದು ಕೇಳುವವರ ಗುಂಪೂ ಒಂದಿದೆ. ಸತ್ತವರ ಮನೆಯ ಗೋಳು ಇವರ ಕಿವಿಗೆ ಬೀಳುವುದಿಲ್ಲ ಎನ್ನುವುದು ಅನ್ಯಾಯದ ಮಾತು.

ಎರಡೂ ಕಡೆಯವರು ವರ್ಷಗಳಿಂದ ವಾದಿಸುತ್ತಲೇ ಇದ್ದಾರೆ. ವಾದ ಮಾತ್ರ ಒಂದಡಿ ಮುಂದೆ ಹೋಗಿಲ್ಲ. ಇಬ್ಬರ ಕಣ್ಣೂ ಕೊಲೆಗಾರನ ಮೇಲೆಯೇ ನೆಟ್ಟಿರುವುದು ಇದಕ್ಕೆ ಕಾರಣವಿರಬಹುದು. ಅವನು ಸಾಯಲು ಅರ್ಹನೋ ಅಲ್ಲವೋ ಎಂದು ಅಳೆಯುವ ತಕ್ಕಡಿಯನ್ನು ಹಿಡಿದ ಕೈ ಎಷ್ಟು ಸ್ಥಿರವಾಗಿದೆ ಎಂದು ನೋಡಿದವರು ಕಡಿಮೆ. ಅದನ್ನು ನೋಡಬೇಕೆಂದರೆ ಉತ್ತರ ಪ್ರದೇಶದ ಪೀಲಿಭೀತ್‌ನ ಹಳೆಯ ಮೊಕದ್ದಮೆಯೊಂದನ್ನು ತೆರೆಯಬೇಕು.

ಒಂದೇ ಕುಟುಂಬದ ನಾಲ್ವರ ಕೊಲೆಯ ಮೊಕದ್ದಮೆ ಅದು. ಆರೋಪಿಗಳೂ ನಾಲ್ವರು. ಒಬ್ಬ ಪೊಲೀಸರೊಂದಿಗಿನ ಕಾಳಗದಲ್ಲಿ ಸತ್ತ. ಉಳಿದವರು ಜೀತಾ ಸಿಂಗ್, ಕಾಶ್ಮೀರಾ ಸಿಂಗ್ ಮತ್ತು ಹರ್‌ಬನ್ಸ್ ಸಿಂಗ್. 1975ರಲ್ಲಿ ಸೆಷನ್ಸ್ ನ್ಯಾಯಾಲಯ ಮೂವರಿಗೂ ಗಲ್ಲುಶಿಕ್ಷೆ ವಿಧಿಸಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟ್ ಅದನ್ನು ಖಾಯಂಗೊಳಿಸಿತು. ಇಲ್ಲಿಯವರೆಗೆ ಮೂವರ ದಾರಿಯೂ ಒಂದೇ. ಕವಲು ಒಡೆದದ್ದು ದೆಹಲಿಯಲ್ಲಿ.

ಮೂವರೂ ಸುಪ್ರೀಂ ಕೋರ್ಟಿಗೆ ಬೇರೆ ಬೇರೆಯಾಗಿ, ಬೇರೆ ಬೇರೆ ಕಾಲದಲ್ಲಿ ಅರ್ಜಿ ಹಾಕಿಕೊಂಡರು. ಜೀತಾ ಸಿಂಗನ ಅರ್ಜಿ 1976ರ ಏಪ್ರಿಲಿನಲ್ಲಿ ಒಂದು ಪೀಠದ ಮುಂದೆ ಬಂದು ವಜಾ ಆಯಿತು. ಕಾಶ್ಮೀರಾ ಸಿಂಗ್ ಸೆರೆಮನೆಯಿಂದಲೇ ಕಳಿಸಿದ ಅರ್ಜಿ ಇನ್ನೊಂದು ಪೀಠಕ್ಕೆ ಹೋಯಿತು. ಆ ಪೀಠ ಅದನ್ನು ವಿಚಾರಣೆಗೆ ತೆಗೆದುಕೊಂಡು, 1977ರ ಏಪ್ರಿಲಿನಲ್ಲಿ ಗಲ್ಲನ್ನು ಜೀವಾವಧಿಗೆ ಇಳಿಸಿತು. 1978ರ ಅಕ್ಟೋಬರಿನಲ್ಲಿ ಮೂರನೆಯ ಪೀಠದ ಮುಂದೆ ಹರ್‌ಬನ್ಸ್ ಸಿಂಗನ ಸರದಿ ಬಂತು. ಅವನದೂ ವಜಾ. ಜೊತೆಯ ಆರೋಪಿಯೊಬ್ಬನ ಶಿಕ್ಷೆಯನ್ನು ಇದೇ ನ್ಯಾಯಾಲಯ ಹಿಂದಿನ ವರ್ಷ ಕಡಿಮೆ ಮಾಡಿದೆ ಎಂಬ ಸಂಗತಿ ಆ ದಿನ ನ್ಯಾಯಮೂರ್ತಿಗಳ ಗಮನಕ್ಕೆ ಬಂದಂತಿಲ್ಲ. ಪುನರ್‌ಪರಿಶೀಲನೆಯ ಅರ್ಜಿಯೂ 1980ರ ಮೇ ತಿಂಗಳಿನಲ್ಲಿ ಬಿದ್ದುಹೋಯಿತು. 1981ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳೂ ಕ್ಷಮಾದಾನ ನಿರಾಕರಿಸಿದರು.

ಜೀತಾ ಸಿಂಗ್ ಮತ್ತು ಹರ್‌ಬನ್ಸ್ ಸಿಂಗ್ ಇಬ್ಬರಿಗೂ 1981ರ ಅಕ್ಟೋಬರ್ 6 ಎಂದು ದಿನ ಗೊತ್ತಾಯಿತು. ಹರ್‌ಬನ್ಸ್ ಕೊನೆಗಳಿಗೆಯಲ್ಲಿ ಮತ್ತೊಂದು ರಿಟ್ ಅರ್ಜಿ ಹಾಕಿದ. ಅದರಿಂದ ಅವನ ಮಟ್ಟಿಗೆ ತಡೆಯಾಜ್ಞೆ ಸಿಕ್ಕಿತು. ಜೀತಾ ಸಿಂಗ್ ಅರ್ಜಿ ಹಾಕಲಿಲ್ಲ. ಗೊತ್ತಾದ ದಿನ ಅವನನ್ನು ಗಲ್ಲಿಗೇರಿಸಿದರು.

ನಾಲ್ಕು ತಿಂಗಳ ಬಳಿಕ, 1982ರ ಫೆಬ್ರುವರಿಯಲ್ಲಿ, ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಹರ್‌ಬನ್ಸನ ಅರ್ಜಿಯನ್ನು ಕೈಗೆತ್ತಿಕೊಂಡಿತು. ಮೂವರ ಪಾತ್ರವೂ ಒಂದೇ ಆಗಿರುವಾಗ ಕಾಶ್ಮೀರಾ ಸಿಂಗನಿಗೆ ಸಿಕ್ಕಿದ್ದು ಇವನಿಗೂ ಸಿಗಬೇಕಿತ್ತು ಎಂದು ಪೀಠ ಒಪ್ಪಿತು. ಕ್ಷಮಾದಾನ ಒಮ್ಮೆ ನಿರಾಕರಣೆಯಾಗಿದ್ದುದರಿಂದ, ಶಿಕ್ಷೆ ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿ, ಅಲ್ಲಿಯವರೆಗೆ ಗಲ್ಲಿಗೇರಿಸಬಾರದೆಂದಿತು. ಈ ನ್ಯಾಯ ಜೀತಾ ಸಿಂಗನಿಗೂ ಸಲ್ಲಬೇಕಿತ್ತು. ಸಲ್ಲಿಸಲು ಅವನಿರಲಿಲ್ಲ. 1976ರಲ್ಲಿ ಅವನ ಅರ್ಜಿ ವಜಾ ಮಾಡಿದ ಪೀಠದಲ್ಲಿ ಚಂದ್ರಚೂಡ್ ಅವರೂ ಇದ್ದರು. ಅದನ್ನು ಅವರು ತೀರ್ಪಿನಲ್ಲಿ ಮುಚ್ಚಿಡಲಿಲ್ಲ.

ಇಲ್ಲಿ ಯಾರೂ ಲಂಚ ತಿಂದಿರಲಿಲ್ಲ, ಯಾರೂ ಸುಳ್ಳು ಸಾಕ್ಷಿ ಹೇಳಿರಲಿಲ್ಲ. ಜೀತಾ ಸಿಂಗ್ ನಿರಪರಾಧಿಯೂ ಅಲ್ಲ. ಗಲ್ಲುಶಿಕ್ಷೆಯನ್ನು ವಿರೋಧಿಸುವವರು ಸಾಮಾನ್ಯವಾಗಿ ‘ನಿರಪರಾಧಿ ಸತ್ತರೇನು ಗತಿ?’ ಎಂದು ಕೇಳುತ್ತಾರೆ. ಪೀಲಿಭೀತ್ ಪ್ರಕರಣ ಅದಕ್ಕಿಂತ ಇರಿಸುಮುರಿಸಿನದು. ಎಲ್ಲರೂ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ, ಯಾವ ದಿನ ಯಾವ ಪೀಠದ ಮುಂದೆ ಕಡತ ಹೋಯಿತು ಎಂಬುದರ ಮೇಲೆ ಒಬ್ಬನ ಕೊರಳು ನಿಂತಿತ್ತು.

ಹಾಗೆಂದು ಗಲ್ಲಿನ ಪರವಾದ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಗಲ್ಲಿನ ಭಯದಿಂದ ಕೊಲೆಗಳು ಕಡಿಮೆಯಾಗುತ್ತವೆ ಎಂಬ ಮಾತನ್ನು ಬದಿಗಿಡಬಹುದು. 1967ರಲ್ಲಿ ಕಾನೂನು ಆಯೋಗ ಈ ದೇಶದ ಪರಿಸ್ಥಿತಿಯಲ್ಲಿ ಗಲ್ಲನ್ನು ತೆಗೆದು ಪ್ರಯೋಗ ಮಾಡುವುದು ಅಪಾಯ ಎಂದಿತ್ತು. 2015ರಲ್ಲಿ ಅದೇ ಆಯೋಗ, ಜೀವಾವಧಿಗಿಂತ ಗಲ್ಲು ಹೆಚ್ಚು ತಡೆಯುತ್ತದೆ ಎನ್ನಲು ಆಧಾರವಿಲ್ಲವೆಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದೆಡೆ ಅದನ್ನು ತೆಗೆಯಲು ಶಿಫಾರಸು ಮಾಡಿತು. ಸರ್ಕಾರ ಅದನ್ನು ಒಪ್ಪಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗ ಗಲ್ಲು ಅದರಲ್ಲಿ ಹಾಗೆಯೇ ಉಳಿಯಿತು. ಗುಂಪುಹತ್ಯೆಗೂ ಅದನ್ನು ಸೇರಿಸಲಾಯಿತು.

ಗಟ್ಟಿಯಾದ ವಾದ ಬೇರೆಯೇ ಇದೆ. ಸತ್ತವನಿಗೆ ಅಪೀಲಿಲ್ಲ, ಕ್ಷಮಾದಾನದ ಅರ್ಜಿಯಿಲ್ಲ. ಅವನ ಪರವಾಗಿ ಸೇಡು ತೀರಿಸಿಕೊಳ್ಳುವ ಹಕ್ಕನ್ನು ಅವನ ಅಣ್ಣತಮ್ಮಂದಿರಿಂದ ಕಸಿದುಕೊಂಡು ತನ್ನ ಬಳಿ ಇಟ್ಟುಕೊಂಡದ್ದು ಸರ್ಕಾರ. ಕಸಿದುಕೊಂಡ ಮೇಲೆ ಅದನ್ನು ತಾನೂ ಚಲಾಯಿಸುವುದಿಲ್ಲ ಎಂದರೆ ಅಣ್ಣತಮ್ಮಂದಿರು ಮಚ್ಚು ಹಿಡಿಯುವುದಿಲ್ಲವೇ? ಇದು ಬರೀ ಊಹೆಯ ಮಾತಲ್ಲ. 1977ರಲ್ಲಿ ಪಂಜಾಬಿನಲ್ಲಿ ಎರಡು ಮನೆತನಗಳ ಹಗೆಗೆ ಒಂದೇ ರಾತ್ರಿ ಐದು ಹಳ್ಳಿಗಳಲ್ಲಿ 17 ಮಂದಿ ಬಲಿಯಾದರು. ಆ ಮಚ್ಛೀ ಸಿಂಗ್ ಪ್ರಕರಣದ 1983ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಮಾಜದ ಅಂತಃಸಾಕ್ಷಿಯೇ ಬೆಚ್ಚಿಬಿದ್ದಾಗ ಅದು ನ್ಯಾಯಾಧೀಶರಿಂದ ಗಲ್ಲನ್ನು ನಿರೀಕ್ಷಿಸುತ್ತದೆ ಎಂದಿತು. ದೆಹಲಿಯ ಬಸ್ಸಿನಲ್ಲಿ 2012ರಲ್ಲಿ ನಡೆದ ಕೃತ್ಯಕ್ಕಾಗಿ ನಾಲ್ವರನ್ನು 2020ರ ಮಾರ್ಚ್ 20ರಂದು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದಾಗ ದೇಶದ ಬಹುತೇಕ ಮನೆಗಳಲ್ಲಿ ಅಂದಿನ ಕಾಫಿ ಕಹಿಯಾಗಲಿಲ್ಲ. ಅದನ್ನು ರಕ್ತದಾಹ ಎಂದು ಜರೆಯುವುದು ಸುಲಭ. ಏಳು ವರ್ಷ ಕೋರ್ಟಿಗೆ ಅಲೆದ ತಾಯಿಯೊಬ್ಬಳ ಎದುರು ನಿಂತು ಹಾಗೆ ಹೇಳುವುದು ಕಷ್ಟ.

ಅಂತಃಸಾಕ್ಷಿ ಬೆಚ್ಚಿಬಿತ್ತೇ ಎಂದು ಅಳೆಯುವುದು ಹೇಗೆ ಎಂಬಲ್ಲಿಗೆ ಬಂದಾಗ ಮತ್ತೆ ತಕ್ಕಡಿ ಹಿಡಿದ ಕೈ ಅಲುಗುತ್ತದೆ. 1955ರವರೆಗೆ ಕಾನೂನಿನ ಪ್ರಕಾರ ಕೊಲೆಗೆ ಗಲ್ಲು ಸಹಜ ಶಿಕ್ಷೆ. ಗಲ್ಲು ಕೊಡದಿದ್ದರೆ ನ್ಯಾಯಾಧೀಶ ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಇದನ್ನು ತಲೆಕೆಳಗು ಮಾಡಿ, ಗಲ್ಲು ಕೊಟ್ಟರೆ ವಿಶೇಷ ಕಾರಣ ಬರೆಯಬೇಕೆಂದಿತು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಬಹುಮತ ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಮಾತ್ರ ಗಲ್ಲು ಎಂಬ ಗೆರೆ ಎಳೆಯಿತು. ಹರ್‌ಬನ್ಸನ ಪುನರ್‌ಪರಿಶೀಲನೆ ವಜಾ ಆದ ಅದೇ ಮೇ ತಿಂಗಳಿನಲ್ಲಿ ಈ ತೀರ್ಪು ಹೊರಬಿತ್ತು! ಒಪ್ಪದ ಒಬ್ಬರೇ ನ್ಯಾಯಮೂರ್ತಿ ಪಿ.ಎನ್. ಭಗವತಿ. ಗಲ್ಲು ಯಾರ ಪಾಲಿಗೆ ಬೀಳುತ್ತದೆ ಎಂಬುದು ಪೀಠ ಯಾರದು ಎಂಬುದರ ಮೇಲೆ ನಿಂತಿದೆ, ಹೆಚ್ಚಾಗಿ ಅದು ಬಡವರ ಪಾಲಿಗೇ ಬೀಳುತ್ತದೆ ಎಂಬುದು 1982ರಲ್ಲಿ ಹೊರಬಂದ ಅವರ ಭಿನ್ನಮತದ ತಿರುಳು. ಕಾಶ್ಮೀರಾ ಸಿಂಗನನ್ನು ಉಳಿಸಿದ ಪೀಠದಲ್ಲಿ ಅವರೂ ಇದ್ದರು.

‘ಅಪರೂಪದಲ್ಲಿ ಅಪರೂಪ’ದ ಗೆರೆ ಎಷ್ಟು ನೇರ ಎಂದು ನೋಡಲು ಪೀಲಿಭೀತ್‌ವರೆಗೆ ಹೋಗಬೇಕಾಗಿಲ್ಲ, ಬೆಂಗಳೂರೇ ಸಾಕು. 1991ರಲ್ಲಿ ಸ್ವಾಮಿ ಶ್ರದ್ಧಾನಂದ ಎಂದು ಕರೆದುಕೊಳ್ಳುತ್ತಿದ್ದವನು ಹೆಂಡತಿಗೆ ಮಂಪರು ಬರಿಸಿ ಮನೆಯ ಆವರಣದಲ್ಲೇ ಹೂತುಹಾಕಿದ್ದ. ಸುಮಾರು ಮೂರು ವರ್ಷ ಯಾರಿಗೂ ತಿಳಿಯಲಿಲ್ಲ. ಸೆಷನ್ಸ್ ನ್ಯಾಯಾಲಯ ಗಲ್ಲು ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಒಪ್ಪಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದೇ ಕಡತ, ಅದೇ ಸಾಕ್ಷ್ಯ ನೋಡಿದರು. ಒಬ್ಬರಿಗೆ ಗಲ್ಲು ಸರಿಯೆನಿಸಿತು, ಇನ್ನೊಬ್ಬರಿಗೆ ಜೀವಾವಧಿ. ವಿಷಯ ಮೂವರ ಪೀಠಕ್ಕೆ ಹೋಯಿತು. 2008ರಲ್ಲಿ ಆ ಪೀಠ ನಡುವಿನದೊಂದು ದಾರಿ ಹುಡುಕಿತು: ಗಲ್ಲು ಬೇಡ, ಆದರೆ ಉಸಿರಿರುವವರೆಗೂ ಬಿಡುಗಡೆಯಿಲ್ಲ.

ಗಲ್ಲು ಬೇಕೆನ್ನುವವರ ಅಸಲಿ ಭಯಕ್ಕೆ ಈ ತೀರ್ಪು ಕೊಟ್ಟಷ್ಟು ಉತ್ತರವನ್ನು ಯಾವ ಭಾಷಣವೂ ಕೊಟ್ಟಿಲ್ಲ. ‘ಜೀವಾವಧಿ ಅಂದರೆ ಹದಿನಾಲ್ಕು ವರ್ಷ, ಆಮೇಲೆ ಹಾರ ಹಾಕಿಸಿಕೊಂಡು ಬರುತ್ತಾನೆ’ ಎಂಬ ಮಾತು ಹಳ್ಳಿಯ ಕಟ್ಟೆಯಲ್ಲೂ ಕೇಳಿಬರುತ್ತದೆ. ಅದು ಪೂರಾ ತಪ್ಪೂ ಅಲ್ಲ. ಸರ್ಕಾರಗಳ ಮಾಫಿ ಪಟ್ಟಿಗಳು ಜನರನ್ನು ಹಾಗೆ ನಂಬಿಸಿವೆ. ಬಿಡುಗಡೆಯಿಲ್ಲದ ಜೀವಾವಧಿಯನ್ನು ವಿಧಿಸುವ ಈ ಅಧಿಕಾರ ನ್ಯಾಯಾಲಯಕ್ಕಿದೆ ಎಂದು 2015ರಲ್ಲಿ ಸಂವಿಧಾನ ಪೀಠವೂ ಬಹುಮತದಿಂದ ಒಪ್ಪಿತು. ಅಂಥ ಶಿಕ್ಷೆಯೂ ಒಂದು ಬಗೆಯ ನಿಧಾನದ ಸಾವೇ ಎನ್ನುವವರಿದ್ದಾರೆ. ಇರಬಹುದು. ಆದರೆ ತಪ್ಪಾಗಿದೆ ಎಂದು ನಾಳೆ ತಿಳಿದರೆ ಸೆರೆಮನೆಯ ಬಾಗಿಲು ತೆರೆಯಲು ಬರುತ್ತದೆ.

ತಪ್ಪು ತಿಳಿಯುವುದಂತೂ ಉಂಟು. 1996ರಲ್ಲಿ ಒಬ್ಬ, 1997ರಲ್ಲಿ ಇನ್ನೊಬ್ಬ, ಹೀಗೆ ಇಬ್ಬರು ರಾಜಸ್ಥಾನದಲ್ಲಿ ಗಲ್ಲಿಗೇರಿದರು. ಮೊದಲನೆಯವನ ಪ್ರಕರಣದಲ್ಲಿ ಅಪರಾಧವನ್ನಷ್ಟೇ ನೋಡಿ, ಅಪರಾಧಿಯ ಹಿನ್ನೆಲೆ ನೋಡಲೇ ಇಲ್ಲ. ಅದು ಬಚನ್ ಸಿಂಗ್ ತೀರ್ಪಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟೇ 2009ರಲ್ಲಿ ಹೇಳಿತು. ಎರಡನೆಯವನ ತೀರ್ಪು ನಿಂತದ್ದೂ ಆ ಮೊದಲನೆಯದರ ಮೇಲೆ. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ಇಂಥದೇ ತಪ್ಪು ದಾರಿಯ ತೀರ್ಪುಗಳಿಗೆ ಸಿಲುಕಿ ಇನ್ನೂ ಬದುಕಿರುವವರನ್ನಾದರೂ ಉಳಿಸಿ ಎಂದು ರಾಷ್ಟ್ರಪತಿಗಳಿಗೆ ಬರೆದರು. ಸತ್ತ ಇಬ್ಬರ ವಿಷಯದಲ್ಲಿ ಮಾಡುವಂಥದು ಏನೂ ಉಳಿದಿರಲಿಲ್ಲ.

ಇದು ಹೊಸ ಅನುಮಾನವೂ ಅಲ್ಲ. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ, ಗಲ್ಲುಶಿಕ್ಷೆಯಾದ ಪ್ರತಿಯೊಬ್ಬನಿಗೂ ಸುಪ್ರೀಂ ಕೋರ್ಟಿಗೆ ಅಪೀಲು ಹೋಗುವ ಹಕ್ಕು ಕೊಡಬೇಕೇ ಎಂಬ ಚರ್ಚೆ ನಡೆದಾಗ ಅಂಬೇಡ್ಕರರು, ಅದಕ್ಕಿಂತ ಗಲ್ಲನ್ನೇ ತೆಗೆದುಹಾಕುವುದು ಲೇಸು ಎಂದಿದ್ದರು. ಈ ನಾಡು ಅಹಿಂಸೆಯನ್ನು ಆಚರಣೆಯಲ್ಲಿ ಪಾಲಿಸದಿದ್ದರೂ ಆದರ್ಶವಾಗಿಯಾದರೂ ಒಪ್ಪಿದೆ ಎಂಬುದು ಅವರ ಕಾರಣ. ಆ ಸಲಹೆ ಅಲ್ಲಿಗೇ ನಿಂತಿತು.

ಪೀಲಿಭೀತ್ ಪ್ರಕರಣದ ತೀರ್ಪಿನಲ್ಲಿ ಚಂದ್ರಚೂಡ್ ಅವರು ಒಂದು ಸಣ್ಣ ಸೂಚನೆಯನ್ನೂ ಸೇರಿಸಿದ್ದರು. ಯಾವುದೇ ಕೈದಿಯನ್ನು ಗಲ್ಲಿಗೇರಿಸುವ ಮುನ್ನ ಸೆರೆಮನೆಯ ಸೂಪರಿಂಟೆಂಡೆಂಟರು ಒಂದು ವಿಷಯವನ್ನು ಸ್ವತಃ ವಿಚಾರಿಸಿ ತಿಳಿದುಕೊಳ್ಳಬೇಕು: ಅವನ ಜೊತೆಯ ಆರೋಪಿಗಳಲ್ಲಿ ಯಾರ ಗಲ್ಲುಶಿಕ್ಷೆಯಾದರೂ ಕಡಿಮೆಯಾಗಿದೆಯೇ? ಆಗಿದ್ದರೆ ಕೂಡಲೇ ಮೇಲಧಿಕಾರಿಗಳಿಗೆ ತಿಳಿಸಬೇಕು. ಅವರು ನ್ಯಾಯಾಲಯಕ್ಕೆ ತಿಳಿಸಬೇಕು. ಗಲ್ಲಿನ ಮೊಕದ್ದಮೆಗಳಲ್ಲಿ ಇನ್ನು ಮುಂದೆ ನ್ಯಾಯಾಲಯದ ಕಚೇರಿಯೂ ಅದೇ ಪ್ರಶ್ನೆ ಕೇಳಿ ಉತ್ತರ ತರಿಸಿಕೊಳ್ಳಬೇಕು. ಇಷ್ಟು ಬರೆಯುವ ಹೊತ್ತಿಗೆ ಸುಪ್ರೀಂ ಕೋರ್ಟಿಗೆ ಮೂವತ್ತೆರಡು ವರ್ಷ ತುಂಬಿತ್ತು. ಜೀತಾ ಸಿಂಗ್ ಸತ್ತು ನಾಲ್ಕು ತಿಂಗಳು ಆರು ದಿನ.