ಮಕ್ಕಳ ಕೈಯ ಕಾಸು

ದ್ರವ್ಯವನ್ನು ಸಂಪಾದಿಸುವ ವಿದ್ಯೆಗಾಗಿ ನಾವು ಮಕ್ಕಳನ್ನು ಹದಿನೈದು ಇಪ್ಪತ್ತು ವರ್ಷಗಳವರೆಗೆ ಶಾಲೆಗೆ ಕಳುಹಿಸುತ್ತೇವೆ. ಸಂಪಾದಿಸಿದ ದ್ರವ್ಯವನ್ನು ವಿನಿಯೋಗಿಸುವ ವಿದ್ಯೆಗಾಗಿ ಹದಿನೈದು ದಿನಗಳನ್ನಾದರೂ ಮೀಸಲಿಡುವ ಮನೆಗಳು ಎಷ್ಟಿವೆ? ದುಡ್ಡಿನ ಮಾತು ಬಂದಾಗ ಹಿರಿಯರು ಪಿಸುಮಾತನಾಡುತ್ತಾರೆ, ಇಲ್ಲವೆ ಗಟ್ಟಿಯಾಗಿ ಜಗಳವಾಡುತ್ತಾರೆ. ಇವೆರಡನ್ನೂ ಕೇಳಿ ಬೆಳೆದ ಮಗುವು ದುಡ್ಡೆಂದರೆ ಮುಚ್ಚಿಡತಕ್ಕ ವಸ್ತುವೆಂದೋ, ಕಲಹದ ಬೀಜವೆಂದೋ ತಿಳಿದುಕೊಂಡರೆ ಆಶ್ಚರ್ಯವೇನು? ನಾಲ್ಕು ಪುರುಷಾರ್ಥಗಳಲ್ಲಿ ಅರ್ಥಕ್ಕೆ ಎರಡನೆಯ ಸ್ಥಾನವನ್ನು ಕೊಟ್ಟ ನಮ್ಮ ಪೂರ್ವಿಕರು ಅದನ್ನು ಹೇಸತಕ್ಕ ವಸ್ತುವೆಂದು ಎಣಿಸಲಿಲ್ಲ. ಅದು ಧರ್ಮದ ಹಿಂದೆ ನಡೆಯತಕ್ಕದ್ದೆಂದು ಮಾತ್ರ ವಿಧಿಸಿದರು.

ಸಂಸ್ಕೃತದಲ್ಲಿ ಆಯವೆಂಬ ಮಾತೂ ವ್ಯಯವೆಂಬ ಮಾತೂ ಗಮನಾರ್ಥವುಳ್ಳ ಒಂದೇ ಧಾತುವಿನಿಂದ ಹುಟ್ಟಿದವು. ‘ಆ’ ಎಂಬ ಉಪಸರ್ಗ ಸೇರಿದರೆ ಬರುವಿಕೆ. ‘ವಿ’ ಎಂಬುದು ಸೇರಿದರೆ ಅಗಲಿ ಹೋಗುವಿಕೆ. ದುಡ್ಡು ಚಲಿಸತಕ್ಕ ವಸ್ತುವೆಂಬುದು ಆ ಮಾತುಗಳಲ್ಲಿಯೇ ಇದೆ. ಭರ್ತೃಹರಿಯು ನೀತಿಶತಕದಲ್ಲಿ ಧನಕ್ಕೆ ದಾನ, ಭೋಗ, ನಾಶವೆಂದು ಮೂರೇ ಗತಿಗಳನ್ನು ಎಣಿಸಿದ್ದಾನೆ. ಮಗುವಿಗೆ ನಾವು ಕಲಿಸಬೇಕಾದುದೆಲ್ಲ ಈ ಮೂರರ ಭೇದವನ್ನೇ. ಖರ್ಚು ಮಾಡುವುದು ದೋಷವಲ್ಲ. ಯಾವುದಕ್ಕೆ ಹೋಯಿತೆಂದು ತಿಳಿಯದೆ ಖರ್ಚಾಗುವುದೇ ದೋಷ.

ಈ ತಿಳಿವಳಿಕೆಯನ್ನು ಕೊಡುವುದು ಹಿಂದಿಗಿಂತ ಈಗ ಕಷ್ಟವಾಗಿದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲವೊಂದಿತ್ತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಗಳಾದುವು. 2011ರ ಜೂನ್ 30ರಂದು 25 ಪೈಸೆಯೂ ಅದಕ್ಕಿಂತ ಕಿರಿಯ ನಾಣ್ಯಗಳೂ ಚಲಾವಣೆಯಿಂದ ಹೋದುವು. ಆದರೂ ಅದುವರೆಗೆ ದುಡ್ಡು ಕಣ್ಣಿಗೆ ಕಾಣುತ್ತಿತ್ತು; ಕೊಟ್ಟಾಗ ಜೇಬು ಹಗುರಾಗುತ್ತಿತ್ತು. 2016ರಲ್ಲಿ ಯುಪಿಐ ಬಂದ ಬಳಿಕ ತಾಯಿಯು ತರಕಾರಿಯ ಗಾಡಿಯ ಮುಂದೆ ಫೋನನ್ನು ಹಿಡಿಯುತ್ತಾಳೆ; ಪೆಟ್ಟಿಗೆಯೊಂದು ದುಡ್ಡು ಸಂದಿತೆಂದು ಕೂಗುತ್ತದೆ; ಬದನೆಕಾಯಿ ಚೀಲಕ್ಕೆ ಬೀಳುತ್ತದೆ. ಪಕ್ಕದಲ್ಲಿ ನಿಂತ ಮಗುವಿಗೆ ಏನೂ ಕಡಮೆಯಾದಂತೆ ಕಾಣುವುದಿಲ್ಲ. ಫೋನಿನಲ್ಲಿ ದುಡ್ಡು ತಾನಾಗಿಯೇ ಊರುತ್ತದೆಂದು ಅದು ನಂಬಿದರೆ ತಪ್ಪು ಮಗುವಿನದಲ್ಲ. ಆದುದರಿಂದ ವಾರಕ್ಕೊಮ್ಮೆಯಾದರೂ ಸಂತೆಗೆ ನಗದನ್ನೇ ಒಯ್ಯಿರಿ. ಎಣಿಸುವುದನ್ನೂ ಚಿಲ್ಲರೆ ಪಡೆಯುವುದನ್ನೂ ಮಗುವಿಗೇ ಬಿಡಿರಿ. ಫೋನಿನಲ್ಲಿ ಕೊಟ್ಟ ದಿವಸ ಎಷ್ಟು ಕೊಟ್ಟೆವು, ಎಷ್ಟು ಉಳಿಯಿತು ಎಂಬುದನ್ನು ಬಾಯಿಬಿಟ್ಟು ಹೇಳಿರಿ.

ಇನ್ನು ಮಗುವಿನ ಕೈಗೆ ಕಾಸು ಕೊಡುವ ವಿಚಾರ. ಎಂಟೊಂಬತ್ತು ವರ್ಷದ ಮಗುವಿಗೆ ವಾರಕ್ಕೊಮ್ಮೆ, ಗೊತ್ತಾದ ದಿನದಲ್ಲಿ, ಗೊತ್ತಾದ ಮೊತ್ತವನ್ನು ಕೊಡತಕ್ಕದ್ದು. ಅದು 20 ರೂಪಾಯಿಯಾಗಲಿ, 50 ರೂಪಾಯಿಯಾಗಲಿ, ಮನೆಯ ಶಕ್ತಿಗೆ ತಕ್ಕಂತಿರಲಿ. ಮೊತ್ತಕ್ಕಿಂತ ನಿಯಮವು ಮುಖ್ಯ. ಕೊಟ್ಟಮೇಲೆ ಅದು ಮಗುವಿನದು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಮಗನನ್ನು ಕರೆದೊಯ್ದಿರೆಂದು ಭಾವಿಸಿರಿ. ಅವನ ಕೈಯಲ್ಲಿ 100 ರೂಪಾಯಿ ಇದೆ. ಮೊದಲನೆಯ ಅಂಗಡಿಯಲ್ಲೇ 80 ರೂಪಾಯಿಗೆ ಬಣ್ಣದ ಬೊಂಬೆಯನ್ನು ಕೊಂಡನು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅದಕ್ಕಿಂತ ಚೆಲುವಾದುದು ಕಣ್ಣಿಗೆ ಬಿತ್ತು. “ಅಪ್ಪಾ, ಇದೊಂದು ಕೊಡಿಸಪ್ಪಾ” ಎಂದು ಅಳತೊಡಗಿದನು. ಇಲ್ಲಿ ತಂದೆಯು ಮರುಗಿ ಜೇಬಿಗೆ ಕೈಹಾಕಿದರೆ ಪಾಠವು ಕೆಟ್ಟಿತು, “ನಾನು ಆಗಲೇ ಹೇಳಲಿಲ್ಲವೆ?” ಎಂದು ಹಂಗಿಸಿದರೂ ಕೆಟ್ಟಿತು. ಅವನ ಕೈ ಹಿಡಿದು ಸುಮ್ಮನೆ ಮುಂದೆ ನಡೆಯುವುದೇ ಲೇಸು. ಮರುವರ್ಷ ಅವನು ಅಂಗಡಿಗಳ ಸಾಲನ್ನೆಲ್ಲ ಒಮ್ಮೆ ನೋಡಿಕೊಂಡು ಬಂದು ಆಮೇಲೆ ಕಾಸು ಬಿಚ್ಚುವನು. ಎಂಟನೆಯ ವಯಸ್ಸಿನಲ್ಲಿ 80 ರೂಪಾಯಿಗೆ ದೊರೆಯುವ ಈ ವಿವೇಕವನ್ನು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಪಡೆಯಹೋದರೆ ಎಂಟು ಲಕ್ಷವೂ ಸಾಲದೆ ಹೋದೀತು.

ಈ ಕಾಸನ್ನು ಮನೆಗೆಲಸದ ಕೂಲಿಯನ್ನಾಗಿ ಕೊಡುವ ಪದ್ಧತಿಯು ಕೆಲವರಲ್ಲುಂಟು. ಅದು ನಮಗೆ ಸಮ್ಮತವಲ್ಲ. ತಟ್ಟೆ ತೊಳೆಯುವುದೂ ಹಾಸಿಗೆ ಸುತ್ತುವುದೂ ಮನೆಯವರ ಧರ್ಮ. ಇಂದು ಅದಕ್ಕೆ 10 ರೂಪಾಯಿ ಪಡೆದ ಮಗು ನಾಳೆ ಅಜ್ಜಿಗೆ ನೀರು ತಂದುಕೊಡುವುದಕ್ಕೂ ಬೆಲೆ ಕೇಳೀತು. ಹೆಣ್ಣುಮಕ್ಕಳ ವಿಷಯದಲ್ಲಿಯೂ ಒಂದು ಮಾತು. ಹುಡುಗನನ್ನು ಅಂಗಡಿಗೆ ಕಳುಹಿಸಿ, ಹುಡುಗಿಗೆ ಹುಂಡಿಯೊಂದನ್ನೇ ಕೊಟ್ಟು ಕೂಡಿಡೆನ್ನುವ ಮನೆಗಳು ಇನ್ನೂ ಇವೆ. ಮುಂದೆ ಸಂಸಾರವನ್ನು ತೂಗಿಸಬೇಕಾದವಳಿಗೆ ಕೊಡುವುದೂ ಕೊಳ್ಳುವುದೂ ತಿಳಿಯದಿದ್ದರೆ ಹೇಗೆ? ಇಬ್ಬರಿಗೂ ಸಮನಾಗಿ ಕೊಡಿರಿ, ಇಬ್ಬರಿಂದಲೂ ಲೆಕ್ಕ ಬರೆಯಿಸಿರಿ.

ಇವೆಲ್ಲಕ್ಕಿಂತ ಮುಖ್ಯವಾದುದು ಸತ್ಯ. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಕಂಡ ಸಂಗತಿಯೊಂದುಂಟು. ಏಳನೆಯ ತರಗತಿಯ ಹುಡುಗಿಯೊಬ್ಬಳು ಕುಂಟುತ್ತ ಶಾಲೆಗೆ ಬರುತ್ತಿದ್ದಳು. ನೋಡಿದರೆ ಬೂಟಿನ ಅಟ್ಟೆ ಕಿತ್ತುಹೋಗಿತ್ತು, ದಾರದಿಂದ ಬಿಗಿದುಕೊಂಡಿದ್ದಳು, ಪಾದದಲ್ಲಿ ಗಾಯವಾಗಿ ಕೀವು ತುಂಬಿತ್ತು. ಮನೆಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದೆವು. “ದುಡ್ಡಿಲ್ಲ ಅಂತ ಅಮ್ಮ ದಿನಾ ಹೇಳ್ತಾರೆ ಸಾರ್. ಕೇಳಿದರೆ ಅಪ್ಪನಿಗೆ ಕಷ್ಟ ಆಗುತ್ತೆ” ಎಂದಳು. ತಂದೆಯನ್ನು ಕರೆಸಿದೆವು. ಆತನು ತಕ್ಕಮಟ್ಟಿಗೆ ಸಂಬಳವಿದ್ದ ನೌಕರ; ಆ ತಿಂಗಳಲ್ಲಿಯೇ ಮನೆಗೆ ಹೊಸ ಟೆಲಿವಿಷನ್ ಕೊಂಡಿದ್ದನಂತೆ. ತಿಂಡಿಗೂ ಆಟಿಕೆಗೂ ಮಕ್ಕಳು ಪೀಡಿಸುವುದನ್ನು ತಪ್ಪಿಸಲು ತಾಯಿಯು ಆಡುತ್ತಿದ್ದ ಮಾತನ್ನು ಈ ಮಗಳು ನಿಜವೆಂದು ನಂಬಿ, ಆ ಭಾರವನ್ನು ಒಬ್ಬಳೇ ಹೊತ್ತಿದ್ದಳು. ತಂದೆಯು ಏನೂ ಮಾತನಾಡಲಿಲ್ಲ. ಶಾಲೆಯ ಜಗಲಿಯ ಮೇಲೆ ಕುಕ್ಕರಿಸಿ ಕುಳಿತು ಮಗಳ ಕಾಲನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದನು.

ಆದುದರಿಂದ ಇದ್ದಾಗ ‘ದುಡ್ಡಿಲ್ಲ’ ಎನ್ನಬೇಡಿರಿ. ‘ದುಡ್ಡಿದೆ, ಆದರೆ ಇದಕ್ಕೆ ಖರ್ಚು ಮಾಡುವುದಿಲ್ಲ’ ಎನ್ನಿರಿ. ಏಕೆಂಬುದನ್ನೂ ಎರಡು ಮಾತಿನಲ್ಲಿ ತಿಳಿಸಿರಿ. ನಿಜವಾಗಿ ಇಲ್ಲದಿದ್ದರೆ ನಾಚಿಕೆಪಡದೆ ಅದನ್ನೂ ಹೇಳಿರಿ. ಊಟಕ್ಕೂ ಪುಸ್ತಕಕ್ಕೂ ಏನು ಏರ್ಪಾಟಿದೆಯೆಂಬುದನ್ನು ಒಡನೆ ತಿಳಿಸಿರಿ. ಬಡತನವನ್ನು ಮಗುವು ತಾಳಿಕೊಳ್ಳಬಲ್ಲುದು. ಮನೆಯ ಸ್ಥಿತಿ ತಿಳಿಯದ ಭಯವನ್ನು ತಾಳಲಾರದು.

ಉಳಿತಾಯವನ್ನು ಕಲಿಸುವಾಗ ಉದ್ದೇಶವನ್ನೂ ಕಲಿಸಬೇಕು. ಸೈಕಲ್ಲಿಗೆಂದೋ ಪುಸ್ತಕಕ್ಕೆಂದೋ ಕೂಡಿಟ್ಟದ್ದನ್ನು ಆ ದಿನ ಬಂದಾಗ ಸಂತೋಷವಾಗಿ ಖರ್ಚು ಮಾಡಲು ಬಿಡಿರಿ. ಉದ್ದೇಶವಿಲ್ಲದ ಸಂಗ್ರಹವು ಲೋಭಕ್ಕೆ ದಾರಿ. 1882ರಿಂದ ನಡೆದುಬಂದಿರುವ ಅಂಚೆಯ ಉಳಿತಾಯ ಖಾತೆಯನ್ನು 10 ವರ್ಷ ತುಂಬಿದ ಮಗುವು ತನ್ನ ಹೆಸರಿನಲ್ಲಿ ತಾನೇ ನಡೆಸಬಹುದು. ಆ ವಯಸ್ಸಿನ ಮಕ್ಕಳು ಬ್ಯಾಂಕುಗಳಲ್ಲಿಯೂ ತಾವೇ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ತಿಳಿಸಿತು. ಮೊತ್ತದ ಮಿತಿಯನ್ನು ಆಯಾ ಬ್ಯಾಂಕು ಗೊತ್ತುಮಾಡುವುದು. ಹದಿಮೂರು ಹದಿನಾಲ್ಕು ವಯಸ್ಸಾದ ಮೇಲೆ ಒಂದು ಲೆಕ್ಕವನ್ನು ಮಾಡಿಸಿರಿ. ವರ್ಷಕ್ಕೆ ನೂರಕ್ಕೆ 4ರ ಬಡ್ಡಿಗೆ ಇಟ್ಟ 500 ರೂಪಾಯಿಯು ವರ್ಷದ ಕೊನೆಗೆ 20 ರೂಪಾಯಿಯನ್ನು ತರುವುದು. ತಿಂಗಳಿಗೆ ನೂರಕ್ಕೆ 3ರಂತೆ ತಂದ 500 ರೂಪಾಯಿಯ ಸಾಲವು ಅದೇ ವರ್ಷದಲ್ಲಿ 180 ರೂಪಾಯಿಯನ್ನು ಕೊಂಡೊಯ್ಯುವುದು. ಸಾಲದ ಮೇಲೆ ಹತ್ತು ಉಪನ್ಯಾಸಗಳನ್ನು ಮಾಡುವುದಕ್ಕಿಂತ ಮಗುವು ತನ್ನ ಕೈಯಿಂದ ಈ ಎರಡು ಪಂಕ್ತಿಗಳನ್ನು ಬರೆಯುವುದು ಮೇಲು. ದಾನವೂ ಮಗುವಿನ ಕಾಸಿನಿಂದಲೇ ಆಗಲಿ. ತಂದೆಯ ಜೇಬಿನಿಂದ ತೆಗೆದು ಮಗುವಿನ ಕೈಯಿಂದ ಕೊಡಿಸಿದ ದಾನದಲ್ಲಿ ಮಗುವಿನ ಪಾಲು ಏನೂ ಇಲ್ಲ.

ಹಿರಿಯರ ನಡತೆ ಹೇಗೋ ಕಿರಿಯರ ನಡತೆ ಹಾಗೆ. ಹಣವನ್ನು ಪಣವಾಗಿಟ್ಟು ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಶಾಸನವನ್ನು ಮಾಡಿತು. ಆದರೆ ನೆರೆಮನೆಯವರನ್ನು ಮೆಚ್ಚಿಸಲು ಸಾಲಮಾಡಿ ಉತ್ಸವ ನಡೆಸುವ ತಂದೆಯನ್ನು ತಡೆಯುವ ಶಾಸನ ಯಾವುದೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮಕ್ಕಳಿಂದ ಹೇಳಿಸುವವರು ಮೊದಲು ತಮ್ಮ ಕಾಲನ್ನು ನೋಡಿಕೊಳ್ಳುವುದು ಯುಕ್ತ.

ಹೆಚ್ಚಿನದೇನೂ ಬೇಡ. ಮುಂದಿನ ತಿಂಗಳು ದಿನಸಿಯ ಪಟ್ಟಿಯನ್ನು ಬರೆಯುವ ದಿವಸ ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಬಂದದ್ದು ಇಷ್ಟು, ಅಕ್ಕಿಗೆ ಇಷ್ಟು, ಬಾಡಿಗೆಗೆ ಇಷ್ಟು, ಅಜ್ಜನ ಔಷಧಿಗೆ ಇಷ್ಟು, ಉಳಿದದ್ದು ಇಷ್ಟು ಎಂದು ಅವರಿಂದಲೇ ಬರೆಯಿಸಿರಿ. ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಆ ತಿಂಗಳಲ್ಲಿ ಮಕ್ಕಳು ಏನನ್ನಾದರೂ ಕೇಳುವ ಮುನ್ನ ಒಮ್ಮೆ ಆ ಗೋಡೆಯನ್ನು ನೋಡುವರೆಂದು ನಮ್ಮ ನಂಬಿಕೆ.