ದೊಡ್ಡಪ್ಪನ ಟ್ರಂಕಿಗೆ ಸಿಗಾರ್ ತುಂಬಬೇಡಿ

ಕಳೆದ ತಿಂಗಳು ನಮ್ಮ ಟೀಮ್ ಲೀಡ್ ಮನೆಗೆ ಊಟಕ್ಕೆ ಕರೆದಿದ್ದ. ಹಲಸೂರು ಕೆರೆ ಕಾಣುವ ಎಂಟನೇ ಮಹಡಿಯ ಫ್ಲಾಟು. ಹಾಲ್‌ನ ಮೂಲೆಯಲ್ಲಿ, ಹಳದಿ ಲೈಟಿನ ಕೆಳಗೆ, ಒಂದು ಹಳೇ ಮಿಲಿಟರಿ ಟ್ರಂಕು. ಕರೀ ತಗಡು, ಮುಚ್ಚಳದ ಮೇಲೆ ಬಿಳೀ ಬಣ್ಣದ ಇಂಗ್ಲಿಷ್ ಅಕ್ಷರಗಳು: ಒಂದು ನಂಬರು, ಒಂದು ರ್‍ಯಾಂಕು, ಅರ್ಧ ಅಳಿಸಿಹೋದ ಒಂದು ಹೆಸರು. ಅವನು ಮುಚ್ಚಳ ಎತ್ತಿದ. ಒಳಗೆ ಕೆಂಪು ಮರದ ಹಲಗೆ, ಸಾಲಾಗಿ ಮಲಗಿದ ಸಿಗಾರುಗಳು, ಒಂದು ಡಿಜಿಟಲ್ ಮೀಟರು.

"ಹ್ಯೂಮಿಡಾರ್ ಮಾಡಿಸ್ದೆ ಗುರೂ. ಹಳೇ ಸಾಮಾನಿನ ಅಂಗಡೀಲಿ ಟ್ರಂಕಿಗೆ 2,000 ಕೊಟ್ಟೆ, ಒಳಗಿನ ಕೆಲಸಕ್ಕೆ 18,000 ಆಯ್ತು. ಹೆಸರು ಹಂಗೇ ಬಿಡ್ಸಿದೀನಿ ನೋಡು, ಅದೇ ಅದರ ಕ್ಯಾರೆಕ್ಟರ್. ಒಂಥರಾ ನಮ್ಮ ಸೈನಿಕರಿಗೆ ಟ್ರಿಬ್ಯೂಟ್" ಅಂದ.

ಊಟ ಮುಗಿಯೋ ಹೊತ್ತಿಗೆ ಇನ್ನೊಂದು ಮಾತು ಬಂತು. "ನಿಮ್ಮೂರ ಮನೇಲೂ ಇಂಥದ್ದೊಂದಿದೆ ಅಂದಿದ್ದೆಯಲ್ಲ, ಕೊಡ್ತೀಯಾ? ನನ್ನ ಫ್ರೆಂಡ್ ಒಬ್ಬ ಹುಡುಕ್ತಿದಾನೆ."

ಉಂಡ ಮನೆಯಲ್ಲಿ ಜಗಳ ತೆಗೀಬಾರದು ಅಂತ ಸುಮ್ಮನೆ ಎದ್ದು ಬಂದೆ. ಅಲ್ಲಿ ಆಡದೆ ನುಂಗಿಕೊಂಡ ಜಗಳವನ್ನ ಇಲ್ಲಿ ಆಡ್ತೀನಿ.

ಮೊದಲು ಲೆಕ್ಕದ ಮಾತೇ ಆಡೋಣ. ಭಾವನೆ ಅಂದರೆ "ಸೆಂಟಿ ಆಗ್ಬೇಡ" ಅಂತೀರಿ. ಸಿಗಾರಿಗೆ ಬೇಕಾಗಿರೋದು ಶೇಕಡಾ 65ರಿಂದ 70ರಷ್ಟು ತೇವಾಂಶದ ಗಾಳಿ, 18ರಿಂದ 21 ಡಿಗ್ರಿ ಸೆಲ್ಸಿಯಸ್ ತಂಪು, ಎರಡೂ ಏರುಪೇರಾಗದ ಹಾಗೆ. ತೇವ ಕಮ್ಮಿಯಾದರೆ ಎಲೆ ಬಿರುಕು ಬಿಡುತ್ತೆ. ಜಾಸ್ತಿಯಾದರೆ ಬೂಷ್ಟು ಹಿಡಿಯುತ್ತೆ. ಸೆಖೆ ಏರಿದರೆ ಎಲೆಯೊಳಗಿದ್ದ ತಂಬಾಕು ಹುಳದ ಮೊಟ್ಟೆಗಳು ಒಡೆದು, ಸಿಗಾರಿನ ತುಂಬ ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ.

ಇದಕ್ಕೆ ಮರದ ಪೆಟ್ಟಿಗೆ ಯಾಕೆ ಬೇಕು ಅಂದ್ರೆ, ಮರ ತೇವ ಹೆಚ್ಚಾದಾಗ ಹೀರಿಕೊಳ್ಳುತ್ತೆ, ಕಮ್ಮಿಯಾದಾಗ ವಾಪಸ್ ಕೊಡುತ್ತೆ. ತಗಡು ಎರಡನ್ನೂ ಮಾಡಲ್ಲ. ಹಗಲು ಬೇಗ ಕಾಯುತ್ತೆ, ರಾತ್ರಿ ತಣ್ಣಗಾಗಿ ಒಳಗೋಡೆ ಬೆವರುತ್ತೆ, ಬೆವರಿದ ಜಾಗಕ್ಕೆ ತುಕ್ಕು. ಮುಚ್ಚಳದ ಸಂದಿಯಲ್ಲಿ ಗಾಳಿ ಬೇರೆ ಆಡುತ್ತೆ. ಅದಕ್ಕೇ ಮೂಲೆಮೂಲೆಗೆ ಸಿಲಿಕೋನ್ ತುಂಬಿ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ, ಒಳಗೆಲ್ಲ ಸ್ಪ್ಯಾನಿಷ್ ಸೀಡರ್ ಹಲಗೆ ಹೊದಿಸಬೇಕು. ಹೆಸರು ಕೇಳಿ ಬೆರಗಾಗಬೇಡಿ, ಅದು ಸ್ಪೇನಿನ ಮರವೂ ಅಲ್ಲ, ಸೀಡರೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ, ನಮ್ಮ ಬೇವಿನ ಕುಟುಂಬದ್ದು.

ಅಂದ್ರೆ ಏನಾಯ್ತು? ಟ್ರಂಕಿನೊಳಗೆ ಇನ್ನೊಂದು ಮರದ ಪೆಟ್ಟಿಗೆ ಮಾಡಿಸಿದ ಹಾಗಾಯ್ತು. ಕೆಲಸವೆಲ್ಲ ಒಳಗಿನ ಪೆಟ್ಟಿಗೆಯದು, ಹೊರಗಿನ ಟ್ರಂಕು ಬರೀ ಶೋಕಿ. ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ತೇವ ಕಾಯುವ ಒಂದು ಪ್ಯಾಕೆಟ್ ಹಾಕಿಟ್ಟರೂ ಸಿಗಾರು ಕೆಡಲ್ಲ. ಇನ್ನು ಹಳೇ ಟ್ರಂಕಿನ ವಾಸನೆ ಬೇರೆ. ವರ್ಷಗಟ್ಟಲೆ ಅದರೊಳಗೆ ಡಾಂಬರು ಗುಳಿಗೆ ಬಿದ್ದಿರುತ್ತೆ. ತಂಬಾಕು ಪಕ್ಕದ ವಾಸನೆಯನ್ನ ಬೇಗ ಹಿಡ್ಕೊಳ್ಳುತ್ತೆ. ಕ್ಯೂಬಾದ ಸಿಗಾರು ತಂದು ಡಾಂಬರು ಗುಳಿಗೆ ಸೇದೋದಕ್ಕೆ ಇಷ್ಟು ಖರ್ಚು ಮಾಡಬೇಕಾ?

ಇವನಿಗೇನು ಗೊತ್ತು ತಂಬಾಕಿನ ಹದ ಅಂತೀರಾ? ನಮ್ಮೂರು ಹುಣಸೂರು ತಾಲ್ಲೂಕು. ನಮ್ಮ ಸೊಪ್ಪು ಹೋಗೋದು ಸಿಗರೇಟಿಗೆ, ಸಿಗಾರಿಗಲ್ಲ. ಆದರೂ ಹದ ಹದವೇ. ಬ್ಯಾರನ್‌ನಲ್ಲಿ ಐದಾರು ದಿನ ಬೆಂಕಿ ಹಾಕಿ ಒಣಗಿಸಿದ ಎಲೆ ಹಪ್ಪಳದ ಥರ ಇರುತ್ತೆ, ಮುಟ್ಟಿದರೆ ಪುಡಿ. ಬೆಂಕಿ ಆರಿಸಿ, ಬಾಗಿಲು ತೆಗೆದು, ರಾತ್ರಿಯ ತಂಪಿಗೆ ಬಿಟ್ಟು, ಎಲೆ ಮತ್ತೆ ಮೆತ್ತಗಾದ ಮೇಲೇ ಇಳಿಸೋದು. ಅವ್ವ ಬೆಳಗಿನ ಜಾವ ಒಂದು ಎಲೆಯನ್ನ ಅಂಗೈಯಲ್ಲಿ ಹಿಚುಕಿ "ಬಂತು, ಇಳಿಸ್ರಲಾ" ಅನ್ನೋಳು. ಅವಳ ಹತ್ತಿರ ಮೀಟರ್ ಇರಲಿಲ್ಲ.

ಆ ಸೊಪ್ಪಿನ ಹರಾಜಿನ ಚೀಟಿಗಳು, ಹೊಲದ ಪಹಣಿ, ಅವ್ವನ ಧಾರೆ ಸೀರೆ, ಎಲ್ಲ ಇದ್ದದ್ದು ದೊಡ್ಡಪ್ಪನ ಟ್ರಂಕಿನಲ್ಲಿ. ದೊಡ್ಡಪ್ಪ ಎಂಇಜಿಯಲ್ಲಿದ್ದರು, ಮದ್ರಾಸ್ ಸ್ಯಾಪರ್ಸ್. ಸೇತುವೆ ಕಟ್ಟೋದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯೋದು ಅವರ ಕೆಲಸ. 1987ರಲ್ಲಿ ಭಾರತ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಿತಲ್ಲ, ಅವರೂ ಹೋಗಿದ್ದರು. ಟ್ರಂಕು ಮಾತ್ರ ಹೋಗಿರಲಿಲ್ಲ, ಹಿಂದೆ ಉಳಿದಿತ್ತು. ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ, ಮನೆಯ ಟ್ರಂಕಿನ ಮೇಲೆ ಹೆಸರು, ನಂಬರು ಯಾಕೆ ಬರ್ಕೊಂಡಿದೀಯ ಅಂತ. ಅವರು ಬೀಡಿ ಕಚ್ಚಿಕೊಂಡೇ ಹೇಳಿದ್ದು ಇಷ್ಟು:

"ನಾ ಬರ್ದೇ ಇದ್ರೂ ಟ್ರಂಕಾದ್ರೂ ದಾರಿ ತಪ್ದೆ ಮನೆಗೆ ಬರ್ಬೇಕಲ್ವೇನ್ಲಾ? ಅದುಕ್ಕೆ."

ನಮ್ಮ ಲೀಡ್ "ಕ್ಯಾರೆಕ್ಟರ್" ಅಂತ ಕರೆದದ್ದು ಇದನ್ನ. ಆ ಬಿಳೀ ಅಕ್ಷರ ಒಬ್ಬ ಮನುಷ್ಯ ತಾನು ಸತ್ತರೆ ಅಂತ ಮೊದಲೇ ಬರೆದಿಟ್ಟ ವಿಳಾಸ. ಅದನ್ನ ಹಳದಿ ಲೈಟಿನ ಕೆಳಗಿಟ್ಟು, ಕೈಯಲ್ಲಿ ಗ್ಲಾಸು ಹಿಡಿದು, "ಫಾಂಟ್ ಎಷ್ಟು ಚೆನ್ನಾಗಿದೆ ನೋಡು" ಅನ್ನೋದಕ್ಕೆ ಟ್ರಿಬ್ಯೂಟ್ ಅಂತ ಹೆಸರಿಡಬೇಡಿ. ದುಡ್ಡು ನಿಮ್ಮದು, ಹಾಲ್ ನಿಮ್ಮದು, ಸಿಗಾರು ಸೇದೋದು ಬಿಡೋದು ನಿಮ್ಮಿಷ್ಟ. ಆದರೆ ಹೆಸರು ನಿಮ್ಮದಲ್ಲ. ಅವರು ಯಾರು ಅಂತ ಗೊತ್ತಿಲ್ಲ, ಬದುಕಿದಾರಾ ಅಂತ ಗೊತ್ತಿಲ್ಲ, ಗೊತ್ತು ಮಾಡ್ಕೊಳ್ಳೋ ಮನಸ್ಸೂ ಇಲ್ಲ. ಇದ್ಯಾವ ಸೀಮೆ ಗೌರವ?

"ನಾನು ತಗೊಳ್ದೇ ಇದ್ರೆ ಗುಜರಿಗೆ ಹೋಗ್ತಿತ್ತು" ಅಂತೀರಿ. ಹೋಗಲಿ ಬಿಡಿ. ಗುಜರಿಯವನು ತೂಕ ಹಾಕ್ತಾನೆ, ಕರಗಿಸೋಕೆ ಕಳಿಸ್ತಾನೆ, ತಗಡು ಇನ್ನೇನೋ ಆಗುತ್ತೆ. ಅವನು ಗೌರವದ ಭಾಷಣ ಮಾಡಲ್ಲ. ಇನ್ನು ಹಳೇದಕ್ಕೆ ಹೊಸ ಜೀವ ಕೊಡೋದನ್ನ ಹಳ್ಳಿಯವರಿಗೆ ಹೇಳಿಕೊಡಬೇಡಿ. ನಮ್ಮನೇಲಿ ಹರಿದ ಪಂಚೆ ಮಸಿಬಟ್ಟೆ ಆಗೋದು, ಎಣ್ಣೆ ಡಬ್ಬ ತುಳಸಿ ಕುಂಡ ಆಗೋದು. ಟ್ರಂಕು ಟ್ರಂಕಾಗೇ ಮೂವತ್ತು ವರ್ಷ ದುಡಿಯಿತು. ದುಡಿಯೋ ವಸ್ತುವನ್ನ ದುಡ್ಡು ಕೊಟ್ಟು ಕೆಲಸಕ್ಕೆ ಬಾರದ ಹಾಗೆ ಮಾಡಿಸೋದು ಯಾವ ಮರುಬಳಕೆ?

ಇಷ್ಟೆಲ್ಲ ಬೈದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು.

ನಾನು ಬಿಇ ಸೇರಿದಾಗ ದೊಡ್ಡಪ್ಪ ಆ ಟ್ರಂಕನ್ನೇ ಕೊಟ್ಟು ಹಾಸ್ಟೆಲಿಗೆ ಕಳಿಸಿದರು. ಬಸ್ಸಿನ ಟಾಪಿಗೆ ತಾವೇ ಹಗ್ಗ ಕಟ್ಟಿದರು. ರೂಮಿನಲ್ಲಿ ಮಿಕ್ಕವರದ್ದು ಚಕ್ರದ ಸೂಟ್‌ಕೇಸು, ನನ್ನದು ಇದು. ಒಂದೇ ವಾರಕ್ಕೆ "ಮಿಲಿಟ್ರಿ" ಅಂತ ಹೆಸರು ಬಿತ್ತು. ಒಂದು ಭಾನುವಾರ ಅಂಗಡಿಗೆ ಹೋಗಿ ಚಿಕ್ಕ ಡಬ್ಬ ನೀಲಿ ಪೇಂಟು, ಒಂದು ಬ್ರಷ್ಷು ತಂದೆ. ನಂಬರು, ರ್‍ಯಾಂಕು, ಹೆಸರು, ಎಲ್ಲದರ ಮೇಲೂ ಎರಡು ಕೋಟು ಬಳಿದೆ. ರಜೆಗೆ ಊರಿಗೆ ತಂದಾಗ ದೊಡ್ಡಪ್ಪ ಮುಚ್ಚಳದ ಮೇಲೆ ಒಂದ್ಸಲ ಕೈಯಾಡಿಸಿ, "ಬಣ್ಣ ಚೆನ್ನಾಗೈತೆ ಕಣ್ಲಾ" ಅಂದರು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಈಗ ಅವರಿಲ್ಲ.

ಹಾಗಾಗಿ ನಮ್ಮ ಲೀಡ್‌ಗಿಂತ ನಾನೇನೂ ದೊಡ್ಡ ಮನುಷ್ಯನಲ್ಲ. ಅವನು ಅಪರಿಚಿತನ ಹೆಸರನ್ನ ಅಲಂಕಾರ ಮಾಡಿಕೊಂಡ, ನಾನು ನಮ್ಮವರ ಹೆಸರನ್ನೇ ಅಳಿಸಿದೆ. ಇಬ್ಬರಿಗೂ ಆ ಅಕ್ಷರ ಓದೋಕೆ ಬರಲಿಲ್ಲ ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಟ್ರಂಕು ಇದ್ದರೆ, ಮರಳು ಕಾಗದ ಹಿಡಿಯೋ ಮೊದಲು ಮುಚ್ಚಳದ ಒಂದು ಫೋಟೋ ತೆಗೀರಿ. ಆ ನಂಬರು, ಆ ಹೆಸರು, ಆ ಪಡೆಯ ಗುರುತನ್ನ ಒಂದು ಕಾಗದದಲ್ಲಿ ಬರ್ಕೊಳ್ಳಿ. ಸೈನಿಕರ ದಾಖಲೆ ಇಡೋಕೆ ಸೇನೆಯಲ್ಲಿ ರೆಕಾರ್ಡ್ಸ್ ಆಫೀಸ್‌ಗಳಿವೆ. ಒಂದು ಪತ್ರ ಬರೆದು, ಇದು ಯಾರದ್ದು, ಮನೆಯವರಿಗೆ ಬೇಕಾ ಅಂತ ಕೇಳಿ. ಉತ್ತರ ಬರುತ್ತೋ ಇಲ್ಲವೋ, ಕೇಳೋದು ನಮ್ಮ ಕೆಲಸ. ಬೇಡ ಅಂದರೆ ಅಕ್ಕಿ ತುಂಬಿ, ಪುಸ್ತಕ ತುಂಬಿ. ಸಿಗಾರಿಗೆ ಪ್ಲಾಸ್ಟಿಕ್ ಡಬ್ಬಿ ಇದ್ದೇ ಇದೆ.

ಇದನ್ನೇ ಲೀಡ್‌ಗೂ ಮೆಸೇಜ್ ಮಾಡಿದೆ. ಎಂಇಜಿ ಸೆಂಟರ್ ಇರೋದು ಅವನ ಮನೆ ಹತ್ತಿರವೇ, ಹಲಸೂರು ಕೆರೆ ಪಕ್ಕ. ಮೊದಲು ಅಲ್ಲೇ ಹೋಗಿ ಕೇಳಬಹುದು. "ಇಂಟರೆಸ್ಟಿಂಗ್, ನೋಡ್ತೀನಿ" ಅಂದ. ಇನ್ನೂ ನೋಡಿಲ್ಲ. ನಾನೂ ಊರಿಗೆ ಹೋದಾಗ ನೀಲಿ ಪೇಂಟು ಬಿಡಿಸೋಣ ಅಂತ ಥಿನ್ನರ್ ತಂದಿಟ್ಟಿದೀನಿ. ಜೋರಾಗಿ ಉಜ್ಜಿದರೆ ಕೆಳಗಿನ ಬಿಳೀದೂ ಎದ್ದುಬಂದೀತು ಅನ್ನೋ ಭಯ. ಇನ್ನೂ ಮುಚ್ಚಳ ತೆಗೆದಿಲ್ಲ.